ನಶ್ಯದ ಡಬ್ಬಿ ಕದಿಯೋಕೆ ಕೊಡಲಿ ಯಾಕೆ ಬೇಕಾಯ್ತು?

2024ರ ನವೆಂಬರ್ 20ರಂದು ಪ್ಯಾರಿಸ್‌ನ ಕೊನ್ಯಾಕ್-ಜೇ ಮ್ಯೂಸಿಯಂಗೆ ಹಾಡಹಗಲೇ ನಾಲ್ವರು ಕಳ್ಳರು ನುಗ್ಗಿದರು. ಮುಖ ಮುಚ್ಚಿಕೊಂಡಿದ್ದರು. ಕೈಯಲ್ಲಿ ಕೊಡಲಿ, ಬೇಸ್‌ಬಾಲ್ ಬ್ಯಾಟು. ನೋಡಲು ಬಂದ ಜನರ ಎದುರಿಗೇ ಗಾಜು ಒಡೆದು ಏಳು ವಸ್ತುಗಳನ್ನು ಎತ್ತಿಕೊಂಡು ಹೋದರು. ಕೆಲವು ಲೂವ್ರ್ ಮ್ಯೂಸಿಯಂನಿಂದ, ಕೆಲವು ಬ್ರಿಟಿಷ್ ರಾಜಮನೆತನದ ಸಂಗ್ರಹದಿಂದ, ಇನ್ನು ಕೆಲವು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಿಂದ ಪ್ರದರ್ಶನಕ್ಕೆಂದು ಎರವಲು ತಂದಿದ್ದವು. ಹೊರಟುಹೋದದ್ದು ಪೇಂಟಿಂಗ್ ಅಲ್ಲ, ಕಿರೀಟವೂ ಅಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಡಬ್ಬಿಗಳು. ನಶ್ಯ ಹಾಕಿಕೊಳ್ಳುವ ಡಬ್ಬಿಗಳು.

ಸುದ್ದಿ ಓದಿದವರಿಗೆ ಸಹಜವಾಗಿ ಬರುವ ಪ್ರಶ್ನೆ: ನಶ್ಯದ ಡಬ್ಬಿಗೆ ಇಷ್ಟೊಂದು ಬೆಲೆಯಾ? ಬಂಗಾರದ್ದು ಸರಿ. ಆದರೆ ಬಂಗಾರ ಬೇಕಿದ್ದರೆ ಒಡವೆ ಅಂಗಡಿ ಇಲ್ಲವೇ? ಉತ್ತರ ತಿಳಿಯಬೇಕಾದರೆ ಸುಮಾರು ಮುನ್ನೂರು ವರ್ಷ ಹಿಂದಕ್ಕೆ, ಪ್ಯಾರಿಸ್‌ನ ಅಕ್ಕಸಾಲಿಗಳ ಬೀದಿಗೆ ಹೋಗಬೇಕು.

ಚಿನ್ನದ ಪೆಟ್ಟಿಗೆ ಅಂದರೆ ಯಾವುದು?

ಸಂಗ್ರಹಕಾರರು, ಹರಾಜು ಮನೆಯವರು "ಚಿನ್ನದ ಪೆಟ್ಟಿಗೆ" ಎನ್ನುವಾಗ ಅವರ ಮನಸ್ಸಿನಲ್ಲಿರುವುದು ಮುಖ್ಯವಾಗಿ 18ನೇ ಶತಮಾನದಲ್ಲಿ ಮತ್ತು 19ನೇ ಶತಮಾನದ ಮೊದಲ ಭಾಗದಲ್ಲಿ ಯೂರೋಪಿನಲ್ಲಿ ತಯಾರಾದ ಜೇಬಿನ ಡಬ್ಬಿಗಳು. ಅಗಲ ಸಾಮಾನ್ಯವಾಗಿ ಆರರಿಂದ ಒಂಬತ್ತು ಸೆಂಟಿಮೀಟರ್. ಚೌಕ, ಉದ್ದುದ್ದ, ಮೊಟ್ಟೆಯಾಕಾರ, ಎಂಟು ಮೂಲೆ, ಚಿಪ್ಪಿನಾಕಾರ, ಎಲ್ಲ ಥರದವೂ ಇವೆ. ಹೆಚ್ಚಿನವು ನಶ್ಯಕ್ಕೆ. ಕೆಲವು ಸಕ್ಕರೆ ಮಿಠಾಯಿ ಇಟ್ಟುಕೊಳ್ಳಲು. ಇನ್ನು ಕೆಲವು ಹೆಂಗಸರು ಕೆನ್ನೆಗೆ ಅಂಟಿಸಿಕೊಳ್ಳುತ್ತಿದ್ದ ಕಪ್ಪು ರೇಷ್ಮೆಯ ಚುಕ್ಕಿಗಳಿಗೆ. ಅದೂ ಆಗಿನ ಒಂದು ಫ್ಯಾಷನ್.

ಹೆಸರು ಚಿನ್ನದ್ದಾದರೂ ಇಡೀ ಡಬ್ಬಿ ಚಿನ್ನವೇ ಆಗಿರಬೇಕೆಂದೇನೂ ಇಲ್ಲ. ಎಷ್ಟೋ ಡಬ್ಬಿಗಳಲ್ಲಿ ಚಿನ್ನ ಬರೀ ಚೌಕಟ್ಟು. ನಡುವೆ ಕಲ್ಲು, ಪಿಂಗಾಣಿ, ಆಮೆ ಚಿಪ್ಪು, ಜಪಾನಿನ ಅರಗಿನ ಹಲಗೆ, ಇಲ್ಲವೇ ಗಾಜಿನಡಿ ಕೂರಿಸಿದ ಪುಟ್ಟ ಚಿತ್ರ.

ಚಿಟಿಕೆ ನಶ್ಯಕ್ಕೆ ಇಷ್ಟು ಸಡಗರವೇ?

ತಂಬಾಕು ಯೂರೋಪಿಗೆ ಬಂದದ್ದು ಅಮೆರಿಕ ಖಂಡದಿಂದ. ಫ್ರಾನ್ಸಿನ ಆಸ್ಥಾನಕ್ಕೆ ಅದನ್ನು ಪರಿಚಯಿಸಿದವನೆಂದು ಹೆಸರಾದವನು ಝಾನ್ ನಿಕೋ. 1560ರ ಸುಮಾರಿಗೆ ಪೋರ್ಚುಗಲ್‌ನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ. ಅಲ್ಲಿಂದ ರಾಣಿ ಕ್ಯಾಥರೀನ್ ದ ಮೆದಿಚಿಗೆ ಔಷಧಿಯೆಂದು ತಂಬಾಕು ಕಳಿಸಿದ. ನಿಕೋಟಿನ್‌ಗೆ ಆ ಹೆಸರು ಬಂದದ್ದು ಇವನಿಂದಲೇ. ಮೊದಮೊದಲು ಔಷಧಿ, ಆಮೇಲೆ ಚಟ, 18ನೇ ಶತಮಾನ ಶುರುವಾಗುವ ಹೊತ್ತಿಗೆ ದೊಡ್ಡಸ್ತಿಕೆ.

ನಶ್ಯಕ್ಕೆ ಎರಡು ಬೇಡಿಕೆ. ಒಣಗಿ ಹೋಗಬಾರದು, ಪರಿಮಳ ಹಾರಿ ಹೋಗಬಾರದು. ಹಾಗಾಗಿ ಮುಚ್ಚಳ ಗಟ್ಟಿಯಾಗಿ ಕೂರಬೇಕು. ಆದರೆ ಒಂದೇ ಕೈಯಲ್ಲಿ, ಹೆಬ್ಬೆರಳಿನಿಂದ ತೆಗೆಯಲೂ ಬರಬೇಕು, ಯಾಕೆಂದರೆ ಇನ್ನೊಂದು ಕೈ ಚಿಟಿಕೆ ಹಿಡಿಯಬೇಕು. ಈ ಸಣ್ಣ ತೊಡಕೇ ಅಕ್ಕಸಾಲಿಗೆ ದೊಡ್ಡ ಪರೀಕ್ಷೆಯಾಯಿತು.

ಜೇಬಿನಿಂದ ಡಬ್ಬಿ ತೆಗೆಯುವುದು, ಮುಚ್ಚಳದ ಮೇಲೆ ಬೆರಳಿಂದ ತಟ್ಟುವುದು, ತೆರೆದು ಎದುರಿನವರಿಗೆ ಮೊದಲು ಚಾಚುವುದು, ಇವೆಲ್ಲ ಸಭೆಯ ರೀತಿನೀತಿಯಾದವು. ಡಬ್ಬಿ ಎಲ್ಲರ ಕಣ್ಣಿಗೆ ಬೀಳುವ ವಸ್ತುವಾಯಿತು. ಎಲ್ಲರ ಕಣ್ಣಿಗೆ ಬೀಳುವುದಾದರೆ ನಿನ್ನೆಯದನ್ನೇ ಇವತ್ತೂ ತೆಗೆಯೋಕಾಗುತ್ತಾ? ಚಳಿಗಾಲಕ್ಕೆ ಭಾರದ್ದು, ಬೇಸಿಗೆಗೆ ಹಗುರವಾದದ್ದು ಎಂದು ಪ್ಯಾರಿಸ್ಸಿನ ಶೋಕಿಲಾಲರು ಬೇರೆ ಬೇರೆ ಡಬ್ಬಿ ಇಟ್ಟುಕೊಳ್ಳುತ್ತಿದ್ದರು. ಜರ್ಮನ್ ನಾಡಾದ ಸ್ಯಾಕ್ಸನಿಯ ಮಂತ್ರಿ ಕೌಂಟ್ ಬ್ರೂಲ್ ಬಳಿ ನೂರಾರು ಡಬ್ಬಿಗಳಿದ್ದವು. ಒಂದೊಂದು ಉಡುಪಿಗೂ ಒಪ್ಪುವ ಡಬ್ಬಿ ಇತ್ತು ಎನ್ನುತ್ತಾರೆ. ಫ್ರಾನ್ಸಿನ ರಾಜಕುಮಾರ ಕೋಂತಿ 1776ರಲ್ಲಿ ತೀರಿಕೊಂಡಾಗ ಅವನ ಮನೆಯಲ್ಲಿ ಸಿಕ್ಕ ಡಬ್ಬಿಗಳ ಲೆಕ್ಕ ಎಂಟು ನೂರರಷ್ಟಿತ್ತು. ಅಷ್ಟು ಡಬ್ಬಿಗೆ ತುಂಬುವಷ್ಟು ನಶ್ಯ ಏರಿಸುವ ಮೂಗು ಯಾರಿಗಿದೆ ಹೇಳಿ. ಇವರಿಗೆ ಬೇಕಿದ್ದದ್ದು ಡಬ್ಬಿಯೇ.

ಇದು ಗಂಡಸರ ಗೀಳು ಮಾತ್ರ ಎಂದುಕೊಳ್ಳಬೇಡಿ. ಇಂಗ್ಲೆಂಡಿನ ಮೂರನೇ ಜಾರ್ಜ್‌ನ ರಾಣಿ ಷಾರ್ಲಟ್‌ಗೆ "ನಶ್ಯದ ಷಾರ್ಲಟ್" ಎಂದೇ ಅಡ್ಡಹೆಸರಿತ್ತು.

ಒಂದು ಡಬ್ಬಿ, ಏಳೆಂಟು ಕೈ

ಪ್ಯಾರಿಸ್‌ನಲ್ಲಿ ಚಿನ್ನದ ಕೆಲಸ ಮಾಡಬೇಕಾದರೆ ಅಕ್ಕಸಾಲಿಗಳ ಸಂಘದಲ್ಲಿ ಮೇಸ್ತ್ರಿಯಾಗಿ ಸೇರಿರಬೇಕಿತ್ತು. ಸೇನ್ ನದಿಯ ನಡುಗಡ್ಡೆಯ ಪ್ಲಾಸ್ ದೊಫಿನ್ ಮತ್ತು ಅದರ ಪಕ್ಕದ "ಅಕ್ಕಸಾಲಿಗಳ ದಂಡೆ" ಇವರ ಪೇಟೆ. ಝಾನ್ ಡುಕ್ರೊಲೆ, ಲೂಯಿ ರೂಸೆಲ್, ಜೋಸೆಫ್-ಎತಿಯೆನ್ ಬ್ಲೆರ್ಜಿ, ವಾಶೆತ್ ಮುಂತಾದವರ ಹೆಸರು ಇವತ್ತಿಗೂ ಹರಾಜಿನಲ್ಲಿ ಕೇಳಿಬರುತ್ತದೆ. ಆದರೆ ಡಬ್ಬಿಯ ಮೇಲೆ ಹೆಸರಿನ ಮುದ್ರೆ ಒಬ್ಬನದ್ದಾದರೂ ಕೆಲಸ ಒಬ್ಬನದ್ದಲ್ಲ.

ಹೆಚ್ಚಾಗಿ ಕೆಲಸ ಶುರುವಾಗುತ್ತಿದ್ದದ್ದು ಒಬ್ಬ ವ್ಯಾಪಾರಿಯಿಂದ. ಫ್ರೆಂಚರು ಇವರನ್ನು ಮಾರ್ಶಾಂ-ಮೆರ್ಸಿಯೆ ಎನ್ನುತ್ತಿದ್ದರು. ಇವರಿಗೆ ವಸ್ತು ತಯಾರಿಸುವ ಹಕ್ಕಿರಲಿಲ್ಲ. ಮಾರುವ, ಜೋಡಿಸುವ ಹಕ್ಕಿತ್ತು. ಎಲ್ಲವನ್ನೂ ಮಾರುವವರು, ಏನನ್ನೂ ಮಾಡದವರು ಎಂದು ಆ ಕಾಲದಲ್ಲೇ ಇವರನ್ನು ಆಡಿಕೊಂಡಿದ್ದಾರೆ. ಆದರೆ ಹೊಸ ಹೊಸ ಐಡಿಯಾಗಳು ಇವರದ್ದೇ. ಡಚ್ ಹಡಗಿನಲ್ಲಿ ಬಂದ ಜಪಾನಿನ ಅರಗಿನ ಪೆಟ್ಟಿಗೆಯನ್ನು ಕೊಂಡು, ಅದನ್ನು ಗರಗಸದಿಂದ ತೆಳ್ಳಗೆ ಸೀಳಿಸಿ, ಆ ಹಲಗೆಗಳನ್ನು ಅಕ್ಕಸಾಲಿಗೆ ಕೊಟ್ಟು ಚಿನ್ನದ ಚೌಕಟ್ಟಿನಲ್ಲಿ ಕೂರಿಸುತ್ತಿದ್ದರು. ಲಜಾರ್ ಡುವೋ ಎಂಬ ಇಂಥ ವ್ಯಾಪಾರಿಯ 1748ರಿಂದ 1758ರವರೆಗಿನ ಲೆಕ್ಕದ ಪುಸ್ತಕ ಉಳಿದುಕೊಂಡಿದೆ. ಹದಿನೈದನೇ ಲೂಯಿಯ ಪ್ರೇಯಸಿ ಮದಾಮ್ ದ ಪೊಂಪದೂರ್ ಅದರಲ್ಲಿ ಮತ್ತೆ ಮತ್ತೆ ಕಾಣಿಸುವ ಗಿರಾಕಿ.

ಅಕ್ಕಸಾಲಿಯ ಕೈಗೆ ಬಂದ ಮೇಲೆ ಚಿನ್ನವನ್ನು ತಗಡು ಮಾಡಿ, ಗೋಡೆ, ತಳ, ಮುಚ್ಚಳ ಎಂದು ಕತ್ತರಿಸಿ, ಬೆಸೆದು ರೂಪ ಕೊಡುತ್ತಿದ್ದರು. ಮುಂದಿನದು ಕೀಲು. ಒಳ್ಳೆಯ ಪ್ಯಾರಿಸ್ ಡಬ್ಬಿಯ ಕೀಲು ಹಿಂಬದಿಯ ಉದ್ದಕ್ಕೂ ಸಣ್ಣ ಸಣ್ಣ ಕೊಳವೆಗಳ ಸಾಲು. ಒಂದು ಮುಚ್ಚಳದ್ದು, ಒಂದು ತಳದ್ದು, ಮತ್ತೆ ಮುಚ್ಚಳದ್ದು. ನಡುವೆ ಒಂದು ಕಡ್ಡಿ. ಮುಚ್ಚಿದಾಗ ಆ ಸಾಲು ಹೊರಗಿನ ಅಲಂಕಾರದ ಅಂಚಿನಲ್ಲೇ ಸೇರಿಹೋಗುತ್ತದೆ. ಹುಡುಕಿದರೂ ಗೆರೆ ಕಾಣುವುದು ಕಷ್ಟ. ಇನ್ನೂರೈವತ್ತು ವರ್ಷವಾದರೂ ಕೆಲವು ಡಬ್ಬಿಗಳ ಮುಚ್ಚಳ ಒಂದಿಷ್ಟೂ ಅಲ್ಲಾಡದೆ ಕೂರುತ್ತದೆ. ತಿಳಿದವರು ಡಬ್ಬಿ ಕೈಗೆತ್ತಿಕೊಂಡಾಗ ಮೊದಲು ನೋಡುವುದು ವಜ್ರವನ್ನಲ್ಲ, ಈ ಕೀಲನ್ನು.

ಆಮೇಲೆ ಅಲಂಕಾರ. ಅದರಲ್ಲಿ ಮೂರು ಬಗೆಯನ್ನು ಗುರುತು ಹಿಡಿಯಲು ಕಲಿತರೆ ಮ್ಯೂಸಿಯಂನಲ್ಲಿ ಅರ್ಧ ಡಬ್ಬಿಗಳು ಅರ್ಥವಾಗುತ್ತವೆ.

ಮೊದಲನೆಯದು ಬಣ್ಣದ ಚಿನ್ನ. ಅಪರಂಜಿಯ ಬಣ್ಣ ಹಳದಿ. ಅದಕ್ಕೆ ತಾಮ್ರ ಜಾಸ್ತಿ ಬೆರೆಸಿದರೆ ಕೆಂಪಾಗುತ್ತದೆ. ಬೆಳ್ಳಿ ಬೆರೆಸಿದರೆ ತಿಳಿ ಹಸಿರು ಛಾಯೆ ಬರುತ್ತದೆ, ಬೆಳ್ಳಿಯ ಪ್ರಮಾಣ ಇನ್ನೂ ಏರಿದರೆ ಬಿಳುಪಾಗುತ್ತದೆ. ಹೂವಿನ ಮಾಲೆ ಮಾಡಬೇಕಾದರೆ ಎಲೆ ಹಸಿರು ಚಿನ್ನದ್ದು, ಹೂವು ಕೆಂಪು ಚಿನ್ನದ್ದು, ರಿಬ್ಬನ್ ಬಿಳಿಯದ್ದು, ಹಿನ್ನೆಲೆ ಹಳದಿಯದ್ದು. ಇವು ಬಳಿದ ಬಣ್ಣವಲ್ಲ. ಪ್ರತಿಯೊಂದು ಎಸಳೂ ಬೇರೆ ಚಿನ್ನದ ತುಂಡು. ಅದನ್ನು ಬೆಸೆದು, ಆಮೇಲೆ ಸಣ್ಣ ಉಳಿಯಿಂದ ನರ ನರವಾಗಿ ಕೊರೆಯಬೇಕು.

ಎರಡನೆಯದು ಎನಾಮಲ್, ಅಂದರೆ ಮೀನಾ ಕೆಲಸ. ಬಣ್ಣದ ಗಾಜನ್ನು ನುಣ್ಣಗೆ ಅರೆದು ಲೋಹದ ಮೇಲೆ ಹಚ್ಚಿ ಕುಲುಮೆಯಲ್ಲಿ ಕರಗಿಸಿ ಅಂಟಿಸುವುದು. ಮೊದಲು ಚಿನ್ನದ ಮೇಲೆ ಯಂತ್ರದಿಂದ ಅಲೆ ಅಲೆಯಾದ ಗೀರು ಹಾಕಿ, ಅದರ ಮೇಲೆ ಪಾರದರ್ಶಕ ನೀಲಿ ಎನಾಮಲ್ ಹಚ್ಚಿದರೆ ಡಬ್ಬಿಯನ್ನು ತಿರುಗಿಸಿದ ಹಾಗೆಲ್ಲ ಬೆಳಕು ನೀರಿನಂತೆ ಓಡಾಡುತ್ತದೆ. ಡಬ್ಬಿಯ ಮೈಮೇಲೇ ನೇರವಾಗಿ ಹೂವು, ಹಣ್ಣು, ಮನುಷ್ಯರ ಚಿತ್ರ ಬಿಡಿಸುವುದು ಇನ್ನೂ ಕಷ್ಟದ ಕೆಲಸ. ಒಂದೊಂದು ಬಣ್ಣಕ್ಕೂ ಮತ್ತೆ ಬೆಂಕಿಗೆ ಇಡಬೇಕು. ಕೊನೆಯ ಸುತ್ತಿನಲ್ಲಿ ಬಿರುಕು ಬಿಟ್ಟರೆ ಅಲ್ಲಿಯವರೆಗಿನ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತೆ.

ಮೂರನೆಯದು ಪುಟ್ಟ ಚಿತ್ರಗಳು. ಇದಕ್ಕೆ ಒಂದೇ ಡಬ್ಬಿ ನೋಡಿದರೆ ಸಾಕು.

ಮಂತ್ರಿಯ ಮನೆ ಜೇಬಿನಲ್ಲಿ

ಡ್ಯೂಕ್ ಶ್ವಾಜೋಲ್ ಹದಿನೈದನೇ ಲೂಯಿಯ ಪ್ರಭಾವಿ ಮಂತ್ರಿ. ಪ್ಯಾರಿಸ್‌ನ ರಿಶೆಲ್ಯೂ ಬೀದಿಯಲ್ಲಿ ಅವನ ಭವ್ಯ ಮನೆ. 1770–71ರ ಹೊತ್ತಿಗೆ ಅಕ್ಕಸಾಲಿ ಲೂಯಿ ರೂಸೆಲ್ ಎಂಟು ಮೂಲೆಯ ಒಂದು ಚಿನ್ನದ ಡಬ್ಬಿ ಮಾಡಿದ. ಅದರ ಮೈಗೆಲ್ಲ ಲೂಯಿ-ನಿಕೋಲಾ ವಾನ್ ಬ್ಲಾರೆನ್‌ಬೆರ್ಗ್ ಎಂಬ ಕಲಾವಿದ ಬಿಡಿಸಿದ ಚಿತ್ರಗಳು. ಹೆಚ್ಚಿನವು ಆ ಮನೆಯ ಕೋಣೆಗಳವು.

ಭೂತಗನ್ನಡಿ ಹಿಡಿದು ನೋಡಿದರೆ ಬೆರಗಾಗುತ್ತದೆ. ಕೋಣೆಯಲ್ಲಿ ಮೇಜಿದೆ, ಕುರ್ಚಿಗಳಿವೆ, ಒಲೆಗೂಡಿದೆ, ಮಾತಾಡುತ್ತಿರುವ ಜನರಿದ್ದಾರೆ. ಗೋಡೆಯ ಮೇಲೆ ಸಾಲು ಸಾಲು ಪೇಂಟಿಂಗ್‌ಗಳು ತೂಗುತ್ತಿವೆ. ಒಂದೊಂದು ಪೇಂಟಿಂಗೂ ಬೆರಳಿನ ಉಗುರಿಗಿಂತ ಚಿಕ್ಕದು. ಆದರೂ ಅವು ಸುಮ್ನೆ ಬಣ್ಣದ ಚುಕ್ಕೆಗಳಲ್ಲ. ಇದು ಇಂಥ ಕಲಾವಿದನ ಇಂಥ ಚಿತ್ರ, ಈಗ ಇಂಥ ಮ್ಯೂಸಿಯಂನಲ್ಲಿದೆ ಎಂದು ವಿದ್ವಾಂಸರು ಅವುಗಳಲ್ಲಿ ಅನೇಕವನ್ನು ಗುರುತಿಸಿದ್ದಾರೆ.

1770ರ ಡಿಸೆಂಬರಿನಲ್ಲಿ ಶ್ವಾಜೋಲ್ ರಾಜನ ಕೃಪೆ ಕಳೆದುಕೊಂಡ. ಹುದ್ದೆ ಹೋಯಿತು, ಪ್ಯಾರಿಸ್ ಬಿಟ್ಟು ಹಳ್ಳಿಯ ಅರಮನೆಗೆ ಹೋಗಬೇಕಾಯಿತು. 1772ರಲ್ಲಿ ಆ ಪೇಂಟಿಂಗ್‌ಗಳೆಲ್ಲ ಹರಾಜಾಗಿ ದಿಕ್ಕಾಪಾಲಾದವು. ಯಾವ ಚಿತ್ರ ಯಾವ ಗೋಡೆಯ ಮೇಲೆ, ಯಾವುದರ ಪಕ್ಕದಲ್ಲಿತ್ತು ಎಂಬುದಕ್ಕೆ ಈಗ ಕಣ್ಣಾರೆ ಕಾಣುವ ಸಾಕ್ಷಿ ಈ ಡಬ್ಬಿಯೇ. ಮುಂದೆ ಬ್ಯಾಂಕಿನ ವ್ಯವಹಾರಕ್ಕೆ ಹೆಸರಾದ ರಾತ್‌ಶೀಲ್ಡ್ ಮನೆತನದ ಕೈಸೇರಿದ ಇದನ್ನು ಈಚಿನ ವರ್ಷಗಳಲ್ಲಿ ಲೂವ್ರ್ ಸಾರ್ವಜನಿಕರಿಂದ ದೇಣಿಗೆ ಎತ್ತಿ ಕೊಂಡುಕೊಂಡಿತು. ಡಬ್ಬಿಯಲ್ಲಿರುವ ಚಿನ್ನವನ್ನು ತೂಕಕ್ಕೆ ಹಾಕಿದರೆ ಎಷ್ಟಾದೀತು? ಅದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಬರ್ಲಿನ್ನಿನ ಹಸಿರು ಕಲ್ಲು, ಡ್ರೆಸ್ಡನ್ನಿನ ನಂಬರ್ ಹಾಕಿದ ಕಲ್ಲು

ಪ್ಯಾರಿಸ್ ನಯಕ್ಕೆ ಹೆಸರಾದರೆ ಬರ್ಲಿನ್ ಅಬ್ಬರಕ್ಕೆ. ಪ್ರಷ್ಯದ ರಾಜ ಮಹಾ ಫ್ರೆಡರಿಕ್‌ಗೆ ನಶ್ಯವೂ ಬೇಕು, ಡಬ್ಬಿಯೂ ಬೇಕು. ಅವನಲ್ಲಿ ಮುನ್ನೂರಕ್ಕೂ ಹೆಚ್ಚು ಡಬ್ಬಿಗಳಿದ್ದವಂತೆ. ಫ್ರಾನ್ಸಿನ ಡಬ್ಬಿಗಳ ಆಮದನ್ನು ತಡೆದು, ತನ್ನ ಊರಿನಲ್ಲೇ ಕುಶಲಕರ್ಮಿಗಳನ್ನು ಬೆಳೆಸಿದ. ಅವನ ಡಬ್ಬಿಗಳು ಗಾತ್ರದಲ್ಲಿ ದೊಡ್ಡವು, ತೂಕದಲ್ಲಿ ಭಾರ. ಇಡೀ ಕಲ್ಲನ್ನೇ ಕೊರೆದು ಡಬ್ಬಿ ಮಾಡಿ, ಮೇಲೆ ವಜ್ರಗಳಿಂದ ಹೂಬಳ್ಳಿ ಹಬ್ಬಿಸುತ್ತಿದ್ದರು. ವಜ್ರದ ಹಿಂದೆ ಗುಲಾಬಿ, ಹಸಿರು, ಹಳದಿ ಬಣ್ಣದ ತೆಳು ಹಾಳೆ ಇಡುತ್ತಿದ್ದರು. ಬಿಳಿ ವಜ್ರ ಬಣ್ಣದ ಹೂವಾಗುತ್ತಿತ್ತು.

ಅವನಿಗೆ ಇಷ್ಟವಾದ ಕಲ್ಲು ಕ್ರೈಸೊಪ್ರೇಸ್, ತಿಳಿ ಹಸಿರು ಬಣ್ಣದ್ದು. ಅದು ಸಿಗುತ್ತಿದ್ದದ್ದು ಸೈಲೀಷಿಯಾದಲ್ಲಿ. ಆ ಪ್ರಾಂತ್ಯವನ್ನು ಫ್ರೆಡರಿಕ್ ಆಸ್ಟ್ರಿಯಾದಿಂದ ಯುದ್ಧ ಮಾಡಿ ಕಿತ್ತುಕೊಂಡಿದ್ದ. ಹಾಗಾಗಿ ಹಸಿರು ಡಬ್ಬಿ ತೆಗೆದು ನಶ್ಯ ಚಾಚಿದಾಗ ಎದುರಿಗಿದ್ದ ರಾಯಭಾರಿಗೆ ಮಾತಿಲ್ಲದೆಯೇ ಒಂದು ವಿಷಯ ತಿಳಿಯುತ್ತಿತ್ತು. 1759ರ ಕೂನರ್ಸ್‌ಡಾರ್ಫ್ ಯುದ್ಧದಲ್ಲಿ ಅವನಿಗೆ ತಗುಲಬೇಕಿದ್ದ ಗುಂಡು ಜೇಬಿನ ನಶ್ಯದ ಡಬ್ಬಿಗೆ ಬಡಿದು ಜೀವ ಉಳಿಯಿತು ಎನ್ನುತ್ತಾರೆ. ಜಜ್ಜಿಹೋದ ಆ ಡಬ್ಬಿಯನ್ನು ಜರ್ಮನಿಯ ಹೋಹೆನ್‌ಜೋಲರ್ನ್ ಕೋಟೆಯಲ್ಲಿ ಇಟ್ಟಿದ್ದಾರೆ.

ಇಷ್ಟು ವಜ್ರ ಎಲ್ಲಿಂದ? 1720ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ಗಣಿ ಸಿಗುವವರೆಗೆ ಯೂರೋಪಿಗೆ ಹೋಗುತ್ತಿದ್ದ ವಜ್ರ ಬಹುಮಟ್ಟಿಗೆ ಭಾರತದ್ದು, ಅದರಲ್ಲೂ ನಮ್ಮ ದಖ್ಖನಿನ ಗೋಲ್ಕೊಂಡ ಸೀಮೆಯದ್ದು.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಗುವುದು ಮಾತ್ರ ಡ್ರೆಸ್ಡನ್ನಿನ ಯೋಹಾನ್ ಕ್ರಿಶ್ಚಿಯನ್ ನೊಯ್ಬರ್‌ನ ಡಬ್ಬಿಗಳು. ಡ್ರೆಸ್ಡನ್ ಇರುವ ಸ್ಯಾಕ್ಸನಿ ಗಣಿಗಳ ನಾಡು. ಅಲ್ಲಿನ ಜನರಿಗೆ ಕಲ್ಲಿನ ಮೇಲೆ ವಿಪರೀತ ಕುತೂಹಲ. ನೊಯ್ಬರ್ ಆ ಪ್ರಾಂತ್ಯದ ಬಗೆಬಗೆಯ ಕಲ್ಲುಗಳನ್ನು ತೆಳ್ಳಗೆ ಕೊಯ್ದು, ಚಿನ್ನದ ತೆಳು ಗೆರೆಗಳ ನಡುವೆ ಒಂದೊಂದನ್ನೂ ಕೂರಿಸಿದ. ಪ್ರತಿ ಕಲ್ಲಿನ ಪಕ್ಕ ಚಿನ್ನದ ಅಂಚಿನಲ್ಲಿ ಒಂದು ನಂಬರ್ ಕೊರೆದ. ಡಬ್ಬಿಯ ಜೊತೆಗೆ ಒಂದು ಪುಟ್ಟ ಕೈಬರಹದ ಪುಸ್ತಕ. ನಂಬರ್ ನೋಡಿ ಪುಸ್ತಕ ತೆರೆದರೆ ಯಾವ ಕಲ್ಲು, ಎಲ್ಲಿಯದು ಎಂದು ತಿಳಿಯುತ್ತಿತ್ತು. ಇದೇ ಕ್ರಮದಲ್ಲಿ ಅವನು ಒಂದು ಇಡೀ ಮೇಜನ್ನೇ ಮಾಡಿದ, 128 ಕಲ್ಲುಗಳದ್ದು. 1779ರ ಟೆಶೆನ್ ಶಾಂತಿ ಒಪ್ಪಂದಕ್ಕೆ ಮಧ್ಯಸ್ಥಿಕೆ ವಹಿಸಿದ ಫ್ರೆಂಚ್ ರಾಯಭಾರಿ ಬ್ರೆತೆಯ್‌ಗೆ ಅದು ಉಡುಗೊರೆಯಾಗಿ ಹೋಯಿತು.

ಜಿನೀವಾದವರು ಗಡಿಯಾರದ ಜಾಣರು. ಅವರು ಡಬ್ಬಿಯೊಳಗೆ ಯಂತ್ರ ಕೂರಿಸಿದರು. ಗುಂಡಿ ಜರುಗಿಸಿದರೆ ಮುಚ್ಚಳ ತೆರೆದು, ಉಗುರಿನಷ್ಟು ಹಕ್ಕಿ ಎದ್ದು ನಿಂತು, ರೆಕ್ಕೆ ಬಡಿದು, ಕೊಕ್ಕು ಆಡಿಸಿ ಹಾಡಿ ಮತ್ತೆ ಒಳಗೆ ಮಲಗುತ್ತದೆ. ಇಂಥವು ಟರ್ಕಿ, ಚೀನಾದವರೆಗೂ ಹೋದವು.

ಉಡುಗೊರೆಯೋ, ನಗದೋ?

ರಾಜರು ರಾಯಭಾರಿಗೆ, ಸೇನಾಪತಿಗೆ, ಸಂಗೀತಗಾರನಿಗೆ ಕೈಗೆ ದುಡ್ಡು ಕೊಟ್ಟರೆ ಮರ್ಯಾದೆಯಲ್ಲ. ತಮ್ಮ ಚಿತ್ರವಿರುವ ವಜ್ರದ ಡಬ್ಬಿ ಕೊಟ್ಟರೆ ಗೌರವ. ಇದರ ಮೂಲ ಹದಿನಾಲ್ಕನೇ ಲೂಯಿಯ ಕಾಲದ್ದು. ಅವನಿಗೆ ತಂಬಾಕು ಅಂದರೆ ಆಗುತ್ತಿರಲಿಲ್ಲ. ಅದಕ್ಕೆ ಅವನು ಕೊಡುತ್ತಿದ್ದದ್ದು "ಚಿತ್ರದ ಪೆಟ್ಟಿಗೆ": ಸುತ್ತ ವಜ್ರ, ನಡುವೆ ರಾಜನ ಮುಖ.

ಕೊಟ್ಟವರಿಗೂ ಪಡೆದವರಿಗೂ ಗುಟ್ಟು ಗೊತ್ತಿತ್ತು. ಡಬ್ಬಿ ಅಂದರೆ ಮರ್ಯಾದೆಯ ಹೊದಿಕೆ ಹೊದ್ದ ಹಣ. ಪಡೆದವನು ಅದನ್ನು ಆಸ್ಥಾನದ ಒಡವೆ ವ್ಯಾಪಾರಿಗೇ ಮಾರಿ ನಗದು ಮಾಡಿಕೊಳ್ಳಬಹುದಿತ್ತು. ವ್ಯಾಪಾರಿ ಚಿತ್ರ ಬದಲಿಸಿ ಅದನ್ನೇ ಅರಮನೆಗೆ ಮತ್ತೆ ಒದಗಿಸುತ್ತಿದ್ದ. ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಇಂಥದ್ದೊಂದು ಉಡುಗೊರೆ ಅಮೆರಿಕದ ಸಂವಿಧಾನದ ಚರ್ಚೆಯವರೆಗೂ ಹೋಯಿತು. 1785ರಲ್ಲಿ ಅಮೆರಿಕದ ರಾಯಭಾರಿ ಬೆಂಜಮಿನ್ ಫ್ರಾಂಕ್ಲಿನ್ ಪ್ಯಾರಿಸ್‌ನಿಂದ ಊರಿಗೆ ಹೊರಟಾಗ ಹದಿನಾರನೇ ಲೂಯಿ ತನ್ನ ಪುಟ್ಟ ಭಾವಚಿತ್ರ ಕೊಟ್ಟ. ಅದರ ಸುತ್ತ 408 ವಜ್ರಗಳು. ಆಗಿನವರು ಅದನ್ನು "ಪೆಟ್ಟಿಗೆ" ಎಂದೇ ಕರೆದರು. ಪರದೇಶದ ರಾಜನಿಂದ ಇಷ್ಟು ದೊಡ್ಡ ಕಾಣಿಕೆ ಪಡೆದ ಅಧಿಕಾರಿಯ ನಿಷ್ಠೆ ಯಾರ ಕಡೆ ಇರುತ್ತದೆ? ಫ್ರಾಂಕ್ಲಿನ್ ಅದನ್ನು ಇಟ್ಟುಕೊಳ್ಳಲು ಕಾಂಗ್ರೆಸ್ಸಿನ ಒಪ್ಪಿಗೆ ಬೇಕಾಯಿತು. ಕಾಂಗ್ರೆಸ್ಸಿನ ಒಪ್ಪಿಗೆಯಿಲ್ಲದೆ ವಿದೇಶಿ ರಾಜರ ಕಾಣಿಕೆ ಪಡೆಯಬಾರದು ಎಂಬ ನಿಯಮ ಸಂವಿಧಾನದಲ್ಲಿ ಬಂದಾಗ, ಅದನ್ನು ಒಪ್ಪಬೇಕೇ ಎಂದು ಚರ್ಚಿಸಿದ 1788ರ ವರ್ಜೀನಿಯಾ ಸಭೆಯಲ್ಲಿ ಎಡ್ಮಂಡ್ ರಾಂಡಾಲ್ಫ್ ಇದೇ ಪೆಟ್ಟಿಗೆಯ ಪ್ರಸಂಗವನ್ನು ಕಾರಣವಾಗಿ ಎತ್ತಿ ಹೇಳಿದ.

ಫ್ರಾಂಕ್ಲಿನ್ ಅದನ್ನು ಮಗಳು ಸಾರಾಳಿಗೆ ಬಿಟ್ಟುಹೋದ. ಜೊತೆಗೆ ವಿಲ್‌ನಲ್ಲಿ ಒಂದು ಮಾತು: ಈ ವಜ್ರಗಳನ್ನು ಕಿತ್ತು ಒಡವೆ ಮಾಡಿಸಿಕೊಳ್ಳಬೇಡ. ಮಗಳು ಒಡವೆ ಮಾಡಿಸಲಿಲ್ಲ. ವಜ್ರ ಮಾರಿ ಗಂಡನ ಜೊತೆ ಯೂರೋಪ್ ಪ್ರವಾಸ ಹೋದಳು. ಫಿಲಡೆಲ್ಫಿಯಾದಲ್ಲಿರುವ ಆ ಚಿತ್ರದಲ್ಲಿ ಈಗ ಉಳಿದಿರುವುದು ಒಂದೇ ವಜ್ರ.

ಇಂಥ ವಸ್ತುಗಳ ಹಣೆಬರಹವೇ ಇಷ್ಟು. ವಜ್ರ ಕಿತ್ತರೆ ಹಣ, ಚಿನ್ನ ಕರಗಿಸಿದರೆ ಹಣ. ಪೇಂಟಿಂಗ್ ಹಳೆಯದಾದರೆ ಅಟ್ಟ ಸೇರುತ್ತದೆ, ಅಲ್ಲಿ ಬದುಕಿಕೊಳ್ಳುತ್ತದೆ. ಡಬ್ಬಿ ಹಳೆಯದಾದರೆ ಮೂಸೆ ಸೇರುತ್ತದೆ. ಫ್ಯಾಷನ್ ಬದಲಾದಾಗ ಕೆಲವು ಕರಗಿದವು, ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಇನ್ನಷ್ಟು. 19ನೇ ಶತಮಾನದಲ್ಲಿ ಸಿಗಾರ್ ಬಂದು ನಶ್ಯದ ಶೋಕಿ ಇಳಿದ ಮೇಲೆ ಮತ್ತಷ್ಟು. ಉಳಿದವು ಕಡಿಮೆ, ಅದಕ್ಕೇ ಉಳಿದವಕ್ಕೆ ಬೆಲೆ ಹೆಚ್ಚು.

ಮುಚ್ಚಳದ ಒಳಗಿನ ಮುದ್ರೆಗಳು ಏನು ಹೇಳುತ್ತವೆ?

ನಾವು ಈಗ ಚಿನ್ನ ಕೊಳ್ಳುವಾಗ ಬಿಐಎಸ್ ಗುರುತು, 22ಕೆ916 ಎಂಬ ಶುದ್ಧತೆಯ ಗುರುತು, ಆರು ಅಕ್ಷರದ ಎಚ್‌ಯುಐಡಿ ಇದೆಯಾ ಎಂದು ಭೂತಗನ್ನಡಿಯಲ್ಲಿ ನೋಡುತ್ತೇವಲ್ಲ, 18ನೇ ಶತಮಾನದ ಪ್ಯಾರಿಸ್‌ನಲ್ಲಿ ಅದಕ್ಕಿಂತ ಬಿಗಿಯಾದ ಪದ್ಧತಿ ಇತ್ತು. ಅಲ್ಲಿನ ಡಬ್ಬಿಗಳ ಚಿನ್ನ ನಮ್ಮ ಒಡವೆಗಿಂತ ಸ್ವಲ್ಪ ಕೆಳಗೆ, ಸುಮಾರು 20 ಕ್ಯಾರಟ್. ಮುದ್ರೆಗಳು ಮಾತ್ರ ನಾಲ್ಕು.

ಒಂದು, ಅಕ್ಕಸಾಲಿಯದ್ದು: ಅವನ ಹೆಸರಿನ ಮೊದಲಕ್ಷರಗಳು, ಅವನದ್ದೇ ಒಂದು ಚಿಹ್ನೆ, ಮೇಲೆ ಕಿರೀಟ. ಎರಡು, ತೆರಿಗೆ ಗುತ್ತಿಗೆದಾರನದ್ದು. ಆಗ ತೆರಿಗೆ ಎತ್ತುವ ಕೆಲಸವನ್ನು ಸರ್ಕಾರ ಗುತ್ತಿಗೆಗೆ ಕೊಡುತ್ತಿತ್ತು. ಡಬ್ಬಿ ಇನ್ನೂ ಒರಟಾಗಿರುವಾಗಲೇ ಅವನು ಮುದ್ರೆ ಒತ್ತುತ್ತಿದ್ದ, ಅಂದರೆ "ಇದಕ್ಕೆ ತೆರಿಗೆ ಬಾಕಿ ಇದೆ". ಮೂರು, ಸಂಘದವರು ಶುದ್ಧತೆ ಪರೀಕ್ಷಿಸಿ ಒತ್ತುವ ಅಕ್ಷರ. ಇದು ವರ್ಷಕ್ಕೊಮ್ಮೆ ಬದಲಾಗುತ್ತಿತ್ತು. ನಾಲ್ಕು, ಕೆಲಸ ಮುಗಿದು ತೆರಿಗೆ ಕಟ್ಟಿದ ಮೇಲೆ ಒತ್ತುವ ತೀರಾ ಚಿಕ್ಕ ಮುದ್ರೆ.

ಮ್ಯೂಸಿಯಂನ ಫಲಕದಲ್ಲಿ "1756–57" ಎಂದು ಎರಡು ವರ್ಷ ಬರೆದಿರುವುದಕ್ಕೆ ಕಾರಣ ಇದೇ. ಅಕ್ಷರ ಬದಲಾಗುತ್ತಿದ್ದದ್ದು ಜನವರಿಯಲ್ಲಿ ಅಲ್ಲ, ವರ್ಷದ ನಡುವೆ. ಇನ್ನು ತೆರಿಗೆ ಗುತ್ತಿಗೆದಾರರು ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತಿದ್ದರು. ಎಲೋಯ್ ಬ್ರಿಶಾರ್ 1756ರಿಂದ 1762ರವರೆಗೆ, ಝೂಲಿಯೆನ್ ಅಲಾತೆರ್ 1768ರಿಂದ 1775ರವರೆಗೆ, ಹೀಗೆ. ವರ್ಷದ ಅಕ್ಷರ 1757ರದ್ದು, ಗುತ್ತಿಗೆದಾರನ ಮುದ್ರೆ ಅಲಾತೆರ್‌ನದ್ದು ಎಂದಾದರೆ ಅಲ್ಲಿ ಏನೋ ಎಡವಟ್ಟಿದೆ ಅಂತಲೇ ಅರ್ಥ.

ನಕಲಿ ಹೇಗಿರುತ್ತದೆ?

ನಕಲಿಯ ಇತಿಹಾಸ ಅಸಲಿಯಷ್ಟೇ ಹಳೆಯದು. ಜರ್ಮನಿಯ ಹಾನೌ ಪಟ್ಟಣದಲ್ಲಿ ಫ್ರಾನ್ಸಿನಿಂದ ಓಡಿಬಂದ ಪ್ರೊಟೆಸ್ಟೆಂಟರ ಸಂತತಿಯವರು ಡಬ್ಬಿ ಮಾಡುತ್ತಿದ್ದರು. ಕೆಲಸ ಚೆನ್ನಾಗಿಯೇ ಇತ್ತು. ಆದರೆ ಪ್ಯಾರಿಸ್ ಮಾಲಿಗೆ ಬೆಲೆ ಜಾಸ್ತಿ ಅಲ್ವಾ? ಹಾಗಾಗಿ ಪ್ಯಾರಿಸ್ ಮುದ್ರೆಯನ್ನೇ ಹೋಲುವ, ಆದರೆ ಅದೇ ಅಲ್ಲದ ಮುದ್ರೆಗಳನ್ನು ಒತ್ತಿದರು. ಈಗ ಹಾನೌ ಡಬ್ಬಿಗಳನ್ನು ಸಂಗ್ರಹಿಸುವವರೂ ಇದ್ದಾರೆ.

ಹೆಚ್ಚು ತಲೆನೋವು ತರುವುದು ಅರೆ-ಅಸಲಿಗಳು. ಡಬ್ಬಿ ಹಳೆಯದು, ಮುಚ್ಚಳದ ಚಿತ್ರ ಮಾತ್ರ ಆಮೇಲೆ ತಂದು ಕೂರಿಸಿದ್ದು. ಅಥವಾ ಎರಡು ಮುರುಕು ಡಬ್ಬಿ ಸೇರಿಸಿ ಒಂದು ಮಾಡಿದ್ದು. ಇದಕ್ಕೇ ಪರಿಣತರು ಮುಚ್ಚಳ, ಗೋಡೆ, ತಳ ಮೂರರ ಮೇಲೂ ಒಂದೇ ಮುದ್ರೆಗಳಿವೆಯೇ ಎಂದು ನೋಡುತ್ತಾರೆ. ಕೆತ್ತನೆಯ ಅಂಚು ಚೂಪಾಗಿದೆಯೇ, ಎನಾಮಲ್‌ನಲ್ಲಿ ತೇಪೆ ಇದೆಯೇ, ಕೀಲು ಮೂಲದ್ದೇ ಎಂದು ಪರೀಕ್ಷಿಸುತ್ತಾರೆ. ಅಚ್ಚಿನಲ್ಲಿ ಎರಕ ಹೊಯ್ದ ಹೂವಿನ ಅಂಚು ಮೊಂಡಾಗಿರುತ್ತದೆ. ಕೈಯಲ್ಲಿ ಕೊರೆದದ್ದಾದರೆ ಉಳಿಯ ಗೀರು ತಾಜಾ ಇದ್ದ ಹಾಗೆ ಕಾಣುತ್ತದೆ.

ಯಾರು ಕೂಡಿಟ್ಟರು?

ನಶ್ಯ ಏರಿಸುವವರು ಹೋದ ಮೇಲೆ ಡಬ್ಬಿಗಳನ್ನು ಉಳಿಸಿದ್ದು 19ನೇ ಶತಮಾನದ ಸಿರಿವಂತ ಸಂಗ್ರಹಕಾರರು. ಯೂರೋಪಿನ ರಾತ್‌ಶೀಲ್ಡ್ ಮನೆತನದ ಹಲವು ಶಾಖೆಗಳು, ಲಂಡನ್ನಿನಲ್ಲಿ ಈಗ ವ್ಯಾಲೇಸ್ ಕಲೆಕ್ಷನ್ ಎನಿಸಿಕೊಂಡಿರುವ ಮನೆಯ ಮಾಲೀಕರು, ಡ್ರೆಸ್ಡ್‌ನರ್ ಬ್ಯಾಂಕ್ ಸ್ಥಾಪಿಸಿದ ಓಯ್ಗನ್ ಗುಟ್‌ಮನ್ ಇವರೆಲ್ಲ ಇದರಲ್ಲಿ ಮುಂದು.

20ನೇ ಶತಮಾನದ ದೊಡ್ಡ ಹೆಸರು ಆರ್ಥರ್ ಮತ್ತು ರೋಸಲಿಂಡ್ ಗಿಲ್ಬರ್ಟ್. ಲಂಡನ್ನಿನವರು. ರೋಸಲಿಂಡ್ ಉಡುಪು ವಿನ್ಯಾಸಗಾರ್ತಿ. ಆರ್ಥರ್ ಮದುವೆಯಾದ ಮೇಲೆ ಹೆಂಡತಿಯ ಮನೆತನದ ಹೆಸರನ್ನೇ ಇಟ್ಟುಕೊಂಡವರು. ಇಬ್ಬರೂ ಸೇರಿ ಸಂಜೆ ಪಾರ್ಟಿಯ ಗೌನುಗಳ ವ್ಯಾಪಾರದಲ್ಲಿ ಹಣ ಮಾಡಿ 1949ರಲ್ಲಿ ಲಾಸ್ ಏಂಜಲೀಸ್‌ಗೆ ಹೋದರು. ಅಲ್ಲಿ ಜಮೀನು, ಕಟ್ಟಡಗಳ ವ್ಯವಹಾರ. ಬಂದ ಲಾಭದಲ್ಲಿ ಬೆಳ್ಳಿ ಸಾಮಾನು, ಗಾಜಿನ ಸಣ್ಣ ಸಣ್ಣ ಚೂರುಗಳನ್ನು ಜೋಡಿಸಿ ಮಾಡಿದ ಚಿತ್ರಗಳು, ಚಿನ್ನದ ಡಬ್ಬಿಗಳನ್ನು ಕೊಂಡರು. ಮಹಾ ಫ್ರೆಡರಿಕ್‌ನ ಡಬ್ಬಿಗಳೂ ಅದರಲ್ಲಿದ್ದವು. 1996ರಲ್ಲಿ ಆರ್ಥರ್ ಈ ಸಂಗ್ರಹವನ್ನು ಬ್ರಿಟನ್ನಿಗೆ ಕೊಟ್ಟರು. ಈಗ ಅದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಇಲ್ಲಿ ಒಂದು ಕಹಿ ಅಧ್ಯಾಯವೂ ಇದೆ. ಹಳೆಯ ಸಂಗ್ರಹಕಾರರಲ್ಲಿ ಅನೇಕರು ಯಹೂದಿಗಳು. ನಾಜಿಗಳು ಅವರ ಆಸ್ತಿಯನ್ನು ದೋಚಿದರು, ಇಲ್ಲವೇ ಮೂರು ಕಾಸಿಗೆ ಮಾರುವಂತೆ ಬಲವಂತ ಮಾಡಿದರು. ಓಯ್ಗನ್ ಗುಟ್‌ಮನ್ನನ ಮಗ ಫ್ರಿಟ್ಸ್ 1944ರಲ್ಲಿ ತೆರೆಜಿನ್‌ಸ್ಟಾಟ್ ಶಿಬಿರದಲ್ಲಿ ಸತ್ತ. ಗಿಲ್ಬರ್ಟ್ ದಂಪತಿ ಕೊಳ್ಳುತ್ತಿದ್ದ ಕಾಲದಲ್ಲಿ "ಇದು 1933ರಿಂದ 1945ರವರೆಗೆ ಯಾರ ಬಳಿ ಇತ್ತು?" ಎಂದು ಅಂಗಡಿಯವರನ್ನು ಕೇಳುವ ರೂಢಿಯೇ ಇರಲಿಲ್ಲ. ಈಗ ಮ್ಯೂಸಿಯಂಗಳು ಒಂದೊಂದು ಡಬ್ಬಿಯೂ ಯಾರ ಕೈಯಿಂದ ಯಾರ ಕೈಗೆ ಬಂತು ಎಂದು ಹಿಂದಕ್ಕೆ ಹುಡುಕಿಕೊಂಡು ಹೋಗುತ್ತಿವೆ. ಗಿಲ್ಬರ್ಟ್ ಸಂಗ್ರಹದ ಇಂಥ ಹುಡುಕಾಟವನ್ನೇ ವಿಕ್ಟೋರಿಯಾ ಅಂಡ್ ಆಲ್ಬರ್ಟ್ 2019ರಲ್ಲಿ ಒಂದು ಪ್ರದರ್ಶನವಾಗಿ ಜನರ ಮುಂದಿಟ್ಟಿತು.

ಕದ್ದ ಡಬ್ಬಿ ಏನಾಗುತ್ತದೆ?

ಪ್ಯಾರಿಸ್‌ನ ಕಳ್ಳತನ ಮೊದಲನೆಯದಲ್ಲ. 2003ರ ಜೂನ್ 10ರಂದು ಇಂಗ್ಲೆಂಡಿನ ವಾಡ್ಸ್‌ಡನ್ ಮ್ಯಾನರ್‌ಗೆ, ಅಂದರೆ ರಾತ್‌ಶೀಲ್ಡ್‌ಗಳು ಕಟ್ಟಿಸಿದ ಅರಮನೆಯಂಥ ಮನೆಗೆ, ಮುಸುಕುಧಾರಿಗಳು ನುಗ್ಗಿ ನೂರಕ್ಕೂ ಹೆಚ್ಚು ಡಬ್ಬಿಗಳು, ಅಂಥವೇ ಸಣ್ಣ ವಸ್ತುಗಳನ್ನು ಹೊತ್ತೊಯ್ದರು. ಹೆಚ್ಚಿನವು ಮತ್ತೆ ಸಿಗಲಿಲ್ಲ.

ಪ್ರಸಿದ್ಧ ಡಬ್ಬಿಯನ್ನು ಕದ್ದವನು ಅದನ್ನು ಡಬ್ಬಿಯಾಗಿ ಮಾರಲಾರ. ಫೋಟೋ, ಅಳತೆ, ಮುದ್ರೆಗಳ ವಿವರ ಎಲ್ಲ ಪೊಲೀಸರ ಬಳಿ, ಹರಾಜು ಮನೆಗಳ ಬಳಿ ಇರುತ್ತದೆ. ಬೇಡಿಕೆಯಿಲ್ಲದ ಕಲೆ ಅದು, ಕಳ್ಳಸಂತೆಯಲ್ಲೂ. ಉಳಿಯುವ ದಾರಿ ವಜ್ರ ಕೀಳುವುದು, ಚಿನ್ನ ಕರಗಿಸುವುದು. ಹಾಗೆ ಮಾಡಿದರೆ ಸಿಗುವುದು ಡಬ್ಬಿಯ ಬೆಲೆಯಲ್ಲಿ ಒಂದು ಚೂರು ಮಾತ್ರ. ಕರಗಿಸಿದವನಿಗೂ ನಷ್ಟ ಎಂಬುದು ಈ ಕಳ್ಳತನದ ವಿಚಿತ್ರ. ಪ್ಯಾರಿಸ್‌ನಲ್ಲಿ ಕದ್ದ ಏಳರಲ್ಲಿ ಹಲವು ಮುಂದೆ ಪೊಲೀಸರಿಗೆ ಸಿಕ್ಕವು, ಹಾಳಾಗಿ ಹೋಗುವ ಮೊದಲೇ.

ಇವನ್ನು ನೋಡಬೇಕೆನ್ನುವವರು ಲಂಡನ್ನಿಗೋ ಪ್ಯಾರಿಸ್ಸಿಗೋ ಹೋಗಲೇಬೇಕೆಂದಿಲ್ಲ. ಲೂವ್ರ್, ವಿಕ್ಟೋರಿಯಾ ಅಂಡ್ ಆಲ್ಬರ್ಟ್, ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ ತಮ್ಮ ಡಬ್ಬಿಗಳ ಫೋಟೋಗಳನ್ನು ಆನ್‌ಲೈನ್‌ನಲ್ಲಿ ಇಟ್ಟಿವೆ. ಮುಚ್ಚಳದ ಫೋಟೋ ಒಂದನ್ನೇ ನೋಡಿ ಬಿಡಬೇಡಿ. ತಳದ್ದು, ಒಳಗಿನದು, ಹಿಂಬದಿಯದು ಇದ್ದರೆ ಅದನ್ನೂ ದೊಡ್ಡದು ಮಾಡಿ ನೋಡಿ. ಯಾರ ಕಣ್ಣಿಗೂ ಬೀಳದು ಎಂದು ನಮಗನಿಸುವ ತಳಕ್ಕೂ ಅಕ್ಕಸಾಲಿ ಮುಚ್ಚಳದಷ್ಟೇ ಕೆಲಸ ಮಾಡಿರುತ್ತಾನೆ. ನಶ್ಯ ಚಾಚುವಾಗ ಎದುರು ಕೂತವರಿಗೆ ಡಬ್ಬಿಯ ತಳವೂ ಕಾಣುತ್ತಿತ್ತು ನೋಡಿ.